ದಿವಂಗತ ಹೆರ್ಮನ್ ಮೋಗ್ಲಿಂಗರೂ ಮಂಗಳೂರಿನ ಕಲ್ಲಚ್ಚೂ

ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡಾಗ ಯಾರ ಜೀವನವನ್ನು ಆರಿಸಿಕೊಳ್ಳಬೇಕೆಂದು ನಾವು ಬಹಳ ಚಿಂತಿಸಬೇಕಾಗಲಿಲ್ಲ. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ತಿಳಿಸುವುದು ಯುಕ್ತ.

ಕಳೆದ ಮಳೆಗಾಲದ ಒಂದು ಸಾಯಂಕಾಲ ಪಂಪ್‌ವೆಲ್ ಬಳಿಯಲ್ಲಿ ವಾಸಿಸುವ ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆತಾಯಿಗಳೊಡನೆ ಶಾಲೆಗೆ ಬಂದಳು. ಅವಳ ಕೈಯಲ್ಲಿ ತಾನೇ ಬರೆದು, ಕತ್ತರಿಸಿ, ಅಂಟಿಸಿ ಸಿದ್ಧಪಡಿಸಿದ ಶುಭಾಶಯ ಪತ್ರಗಳ ಕಟ್ಟೊಂದಿತ್ತು. ಕ್ರಿಸ್ಮಸ್ಸಿಗೆ ಕೆಲವು, ಹೊಸ ವರ್ಷಕ್ಕೆ ಕೆಲವು, ಮದುವೆಗೂ ಹುಟ್ಟುಹಬ್ಬಕ್ಕೂ ಕೆಲವು. ನೆರೆಹೊರೆಯವರು ಕೊಂಡು ಮೆಚ್ಚಿದ್ದರು. ಹೆದ್ದಾರಿಗಳು ಕೂಡುವ ಆ ಜಾಗದ ಒಂದೆರಡು ಅಂಗಡಿಯವರೂ ಕೇಳಿದ್ದರು. ಮಗಳ ಉತ್ಸಾಹವನ್ನು ಕಂಡ ತಂದೆಯು, ಮಾಡುವುದಾದರೆ ದೊಡ್ಡದಾಗಿಯೇ ಮಾಡಬೇಕೆಂದು ತಾಯಿಯ ಒಡವೆಗಳನ್ನು ಅಡವಿಟ್ಟು ಮುದ್ರಣಯಂತ್ರವೊಂದನ್ನು ಕೊಳ್ಳಲು ಸಿದ್ಧರಾಗಿದ್ದರು. ತಾಯಿಯು ಏನನ್ನೂ ಹೇಳದೆ ಕಿಟಕಿಯ ಹೊರಗೆ ಮಳೆಯನ್ನೇ ನೋಡುತ್ತಿದ್ದರು. ಮಗಳ ಮನಸ್ಸಿನಲ್ಲಿ ಆಸೆಯೂ ಇತ್ತು, ಭಯವೂ ಇತ್ತು. ಮೂವರೂ ನಮ್ಮ ಅಭಿಪ್ರಾಯವನ್ನು ಕೇಳಿದರು.

ಉಪಾಧ್ಯಾಯ ವೃತ್ತಿಯಲ್ಲಿಯೇ ಆಯುಸ್ಸನ್ನು ಕಳೆದ ನಾವು ಒಂದು ದಿನವಾದರೂ ವ್ಯಾಪಾರ ಮಾಡಿದವರಲ್ಲ. ಆದಕಾರಣ ತತ್‌ಕ್ಷಣ ಉತ್ತರ ಕೊಡಲು ನಮಗೆ ಧೈರ್ಯವಾಗಲಿಲ್ಲ. ಅವರು ಹೋದ ಮೇಲೆ ಯೋಚಿಸುತ್ತಿರುವಾಗ, ಪಂಪ್‌ವೆಲ್ಲಿನಿಂದ ಹೆಚ್ಚು ದೂರವಿಲ್ಲದ ಬಲ್ಮಠದ ಗುಡ್ಡದ ಕಡೆಗೆ ನಮ್ಮ ಮನಸ್ಸು ತಿರುಗಿತು. ಕಾಗದವೂ ಮಸಿಯೂ ಬೇಕಾದ ಉದ್ಯೋಗವೊಂದನ್ನು ಅತ್ಯಲ್ಪ ಸಲಕರಣೆಗಳಿಂದ ಈ ಊರಿನಲ್ಲಿ ಮೊದಲು ಆರಂಭಿಸಿದವರ ನೆನಪು ಬಂದಿತು. ಹೆರ್ಮನ್ ಮೋಗ್ಲಿಂಗರ ಹೆಸರನ್ನು ನೀವು ಪಾಠಪುಸ್ತಕಗಳಲ್ಲಿ ಓದಿದ್ದೀರಿ. ಅವರು ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೀರಿ. ಆ ಕೆಲಸವು ಎಷ್ಟು ಸಣ್ಣದಾಗಿ ಹುಟ್ಟಿತು, ಎಷ್ಟು ಬೇಗ ನಿಂತಿತು, ನಿಂತ ಮೇಲೂ ಹೇಗೆ ಬದುಕಿತು ಎಂಬುದನ್ನು ಈಗ ತಿಳಿಸುತ್ತೇವೆ.

ಮೋಗ್ಲಿಂಗರು 1811ನೆಯ ಇಸವಿ ಮೇ ತಿಂಗಳ 29ನೆಯ ತಾರೀಕು ಜರ್ಮನಿ ದೇಶದ ವುರ್ಟೆಂಬರ್ಗ್ ರಾಜ್ಯದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗನ್ ವಿದ್ಯಾಪೀಠದಲ್ಲಿ ದೇವಜ್ಞಾನ ಶಾಸ್ತ್ರವನ್ನು ಓದಿದರು. ಅಂಥ ವಿದ್ಯಾಪೀಠದಲ್ಲಿ ಕಲಿತು ಬಂದವನಿಗೆ ಸ್ವದೇಶದಲ್ಲಿಯೇ ಸಭಾಪಾಲಕನಾಗಿ ಮಾನದಿಂದ ಬಾಳುವ ದಾರಿಯು ತೆರೆದಿತ್ತು. ಆದರೆ ಮೋಗ್ಲಿಂಗರು ಆ ದಾರಿಯನ್ನು ಬಿಟ್ಟು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಘವನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೊದಲ ಮೂವರು ಬೋಧಕರು ಇಲ್ಲಿ ಬಂದಿಳಿದು ಆಗ ಎರಡು ವರ್ಷಗಳಾಗಿದ್ದವು. ಬಂದವರಿಗೆ ಊರಿನ ಭಾಷೆಗಳು ಬಾರವು. ತುಳು, ಕನ್ನಡ, ಕೊಂಕಣಿ ಎಂಬ ಮೂರು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುವ ಈ ಊರಿನಲ್ಲಿ, ಮನೆಮಾತು ಯಾವುದಾದರೂ ಬರವಣಿಗೆಗೆ ಕನ್ನಡವೇ ಬಳಕೆಯಲ್ಲಿದ್ದುದರಿಂದ ಮೋಗ್ಲಿಂಗರು ಅದನ್ನು ಶ್ರದ್ಧೆಯಿಂದ ಕಲಿಯತೊಡಗಿದರು.

1840ರಲ್ಲಿ ಆಗಿನ ಕಲೆಕ್ಟರರಾದ ಬ್ಲೇರ್ ಸಾಹೇಬರು ಬಲ್ಮಠದ ಜಾಗವನ್ನು ಮಿಶನಿಗೆ ದಾನವಾಗಿ ಕೊಟ್ಟರು. ಮೋಗ್ಲಿಂಗರ ಪಾಲಿಗೆ ಬಂದ ಮುಖ್ಯ ಕೆಲಸವು ಶಾಲೆಯದು. ಹುಡುಗರನ್ನು ತಮ್ಮೊಡನೆ ಇರಿಸಿಕೊಂಡು ಅವರಿಗೆ ಪಾಠ ಹೇಳುವುದರಲ್ಲಿ ಅವರ ದಿನಗಳು ಕಳೆಯುತ್ತಿದ್ದವು. ಪಾಠ ಹೇಳುವವರಿಗೆ ಮೊದಲು ಎದುರಾಗುವ ಕಷ್ಟವಾವುದೆಂಬುದು ನಮಗೆ ಚೆನ್ನಾಗಿ ಗೊತ್ತು. ಮಕ್ಕಳಿದ್ದಾರೆ, ಗುರುವಿದ್ದಾನೆ, ಪುಸ್ತಕವಿಲ್ಲ. ಆ ಕಾಲದಲ್ಲಿ ಈ ಕರಾವಳಿಯ ಮನೆಗಳಲ್ಲಿ ಓದಿಗೆಂದು ಇದ್ದದ್ದು ತಾಳೆಯೋಲೆಯ ಕಟ್ಟುಗಳು, ಇಲ್ಲವೆ ಕೈಬರಹದ ಹಾಳೆಗಳು. ಕನ್ನಡದ ಅಚ್ಚುಮೊಳೆಗಳು ಲೋಕದಲ್ಲಿಯೇ ಇರಲಿಲ್ಲವೆಂದಲ್ಲ. ಬಂಗಾಳದ ಶ್ರೀರಾಮಪುರದಲ್ಲಿ ಕೇರಿ ಸಾಹೇಬರ ಕನ್ನಡ ವ್ಯಾಕರಣವು 1817ರಲ್ಲಿಯೇ ಅಚ್ಚಾಗಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಶನಿನವರ ಮುದ್ರಣಾಲಯವಿತ್ತು. ಆದರೆ ಮಂಗಳೂರಿನಿಂದ ಬಳ್ಳಾರಿಗೆ ಹೋಗಬೇಕಾದರೆ ಘಟ್ಟವನ್ನು ಹತ್ತಿ ಎತ್ತಿನ ಗಾಡಿಯಲ್ಲಿ ಬಹುದಿನ ಪ್ರಯಾಣ ಮಾಡಬೇಕಾಗಿತ್ತು. ಲೋಹದ ಮೊಳೆಗಳನ್ನು ಎರಕ ಹೊಯ್ಯಿಸಿ, ಕಾಗುಣಿತಕ್ಕೂ ಒತ್ತಕ್ಷರಕ್ಕೂ ಬೇರೆ ಬೇರೆ ಮೊಳೆಗಳನ್ನು ಕೂಡಿಸಿ ಒಂದು ಮುದ್ರಣಾಲಯವನ್ನು ಕಟ್ಟುವುದು ಬಹಳ ಹಣದ ಮಾತು.

ಈ ಇಕ್ಕಟ್ಟಿನಲ್ಲಿ ಅವರಿಗೆ ದೊರೆತ ಉಪಾಯವೇ ಕಲ್ಲಚ್ಚು. ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆದ ಗಾಟ್‌ಫ್ರೀಡ್ ವೈಗ್ಲೆಯವರು 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವೊಂದನ್ನು ತಂದರು. ಅದನ್ನು ನಡೆಸಬಲ್ಲ ಮರಾಠಿ ಕೆಲಸಗಾರರೂ ಜೊತೆಯಲ್ಲಿ ಬಂದರು. ಬಾಸೆಲ್ ಮಿಶನ್ ಪ್ರೆಸ್ಸೆಂದು ಮುಂದೆ ಹೆಸರುವಾಸಿಯಾದ ಸಂಸ್ಥೆಯ ಮೊದಲ ದಿನದ ಆಸ್ತಿಯು ಇಷ್ಟೇ.

ಕಲ್ಲಚ್ಚೆಂದರೇನೆಂಬುದನ್ನು ಈಗಿನ ಮಕ್ಕಳು ಕಂಡಿರಲಾರರು. ಆದ್ದರಿಂದ ಸ್ವಲ್ಪ ವಿವರಿಸುತ್ತೇವೆ. ಜರ್ಮನಿಯ ಬವೇರಿಯಾ ಪ್ರಾಂತದ ಮ್ಯೂನಿಕ್ ನಗರದಲ್ಲಿ ಸೆನೆಫೆಲ್ಡರ್ ಎಂಬ ಬಡ ನಾಟಕಕಾರನಿದ್ದನು. ತನ್ನ ನಾಟಕಗಳನ್ನು ಅಚ್ಚು ಹಾಕಿಸಲು ಹಣವಿಲ್ಲದೆ ಅಗ್ಗದ ಉಪಾಯವನ್ನು ಹುಡುಕುತ್ತಿದ್ದ ಆತನು, 1796ರಲ್ಲಿ ಒಂದು ದಿನ ಅಗಸನಿಗೆ ಹಾಕುವ ಬಟ್ಟೆಗಳ ಪಟ್ಟಿಯನ್ನು ತಾಯಿಯು ಹೇಳುತ್ತಿರಲು, ಕೈಗೆ ಕಾಗದ ಸಿಕ್ಕದೆ ಹತ್ತಿರವಿದ್ದ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಗೀಚಿದನಂತೆ. ಅದರಿಂದ ಆರಂಭವಾದ ಪ್ರಯೋಗಗಳು ಒಂದೆರಡು ವರ್ಷಗಳಲ್ಲಿ ಈ ವಿದ್ಯೆಗೆ ರೂಪ ಕೊಟ್ಟವು. ಜಿಡ್ಡಿಗೂ ನೀರಿಗೂ ಸೇರದೆಂಬುದು ಅಡಿಗೆಮನೆಯಲ್ಲಿ ನಿಂತ ಪ್ರತಿಯೊಬ್ಬಳಿಗೂ ತಿಳಿದ ಮಾತು. ಇಡೀ ವಿದ್ಯೆಯು ಇಷ್ಟರ ಮೇಲೆ ನಿಂತಿದೆ. ಕಲ್ಲನ್ನು ಮರಳಿನಿಂದ ತಿಕ್ಕಿ ನುಣುಪು ಮಾಡುವರು. ಜಿಡ್ಡಿನ ಮಸಿಯಿಂದ ಅದರ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುವರು, ಇಲ್ಲವೆ ಮೊದಲು ವಿಶೇಷವಾದ ಕಾಗದದಲ್ಲಿ ನೇರವಾಗಿ ಬರೆದು ಕಲ್ಲಿಗೆ ಒತ್ತುವರು. ಬಳಿಕ ಅಂಟು ಬೆರೆಸಿದ ಆಮ್ಲವನ್ನು ಸವರಿ, ನೀರಿನಿಂದ ತೇವ ಮಾಡಿ, ಮಸಿಯ ಉರುಳೆಯನ್ನು ಉರುಳಿಸಿದರೆ ಮಸಿಯು ಬರಹಕ್ಕೆ ಮಾತ್ರ ಹತ್ತಿ ತೇವವಾದ ಉಳಿದ ಭಾಗಕ್ಕೆ ಹತ್ತುವುದಿಲ್ಲ. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಒಂದು ಪ್ರತಿಯಾಯಿತು. ಪ್ರತಿಯೊಂದು ಹಾಳೆಗೂ ಇದೇ ಶ್ರಮ. ಬೇಕಾದಷ್ಟು ಪ್ರತಿಗಳಾದ ಮೇಲೆ ಆ ಬರಹವನ್ನು ತಿಕ್ಕಿ ತೆಗೆದು ಅದೇ ಕಲ್ಲನ್ನು ಇನ್ನೊಂದು ಪುಟಕ್ಕೆ ಉಪಯೋಗಿಸಬಹುದು.

ಇದರಿಂದಾದ ಅನುಕೂಲವನ್ನು ನೋಡಿರಿ. ಮೊಳೆಗಳು ಬೇಡ. ಅಂದವಾಗಿ ಬರೆಯಬಲ್ಲ ಒಬ್ಬ ಲಿಪಿಕಾರನೂ ಬಲವಾದ ಎರಡು ತೋಳುಗಳೂ ಇದ್ದರೆ ಸಾಕು. ಕನ್ನಡದ ಯಾವ ಒತ್ತಕ್ಷರವಾದರೂ ಕಾಗದಕ್ಕೆ ಇಳಿಯುವುದು. ಊರಿನಲ್ಲಿ ಆಗಲೇ ಇದ್ದ ಕೈಬರಹದ ಕುಶಲತೆಯೇ ಆ ಉದ್ಯೋಗದ ಮುಖ್ಯ ಬಂಡವಾಳವಾಯಿತು. ಅನಾನುಕೂಲವೂ ಸಣ್ಣದಲ್ಲ. ಒಂದು ಪುಟದಲ್ಲಿ ತಪ್ಪಾದರೆ ಮೊಳೆಯನ್ನು ಬದಲಾಯಿಸಿದಂತೆ ಸುಲಭವಾಗಿ ತಿದ್ದಲಾಗದು. ಕೆಲಸವು ಬಲು ನಿಧಾನ. ಹೀಗಿದ್ದರೂ ಮೋಗ್ಲಿಂಗರೂ ಅವರ ಜೊತೆಗಾರರೂ ಮೊಳೆಗಳು ಬರುವವರೆಗೆ ಕಾಯುತ್ತಾ ಕೂಡ್ರಲಿಲ್ಲ. ಕೈಗೆ ದೊರೆತ ಸಲಕರಣೆಯಿಂದ ಏನು ಸಾಧ್ಯವೋ ಅದನ್ನು ಮಾಡತೊಡಗಿದರು.

1843ನೆಯ ಇಸವಿ ಜುಲೈ ತಿಂಗಳ 1ನೆಯ ತಾರೀಕು, ಮಳೆಗಾಲದ ನಡುವೆ, ಆ ಕಲ್ಲಿನಿಂದ ಮಂಗಳೂರ ಸಮಾಚಾರವೆಂಬ ಪತ್ರಿಕೆಯು ಹೊರಟಿತು. ಹದಿನೈದು ದಿನಗಳಿಗೊಮ್ಮೆ ನಾಲ್ಕು ಪುಟಗಳು. ಕನ್ನಡ ಭಾಷೆಯಲ್ಲಿ ವರ್ತಮಾನ ಪತ್ರಿಕೆಯೆಂಬುದು ಅದೇ ಮೊದಲನೆಯದು. ಈಗಲೂ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಈ ಕಾರಣದಿಂದಲೇ. ಅದರಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪಗಳು, ದೇಶಾಂತರದ ಸುದ್ದಿ, ನೀತಿಯ ಮಾತುಗಳು, ಕಥೆಗಳು ಇರುತ್ತಿದ್ದವು. ಓದುವವರೂ ತಮಗೆ ತಿಳಿದ ಸುದ್ದಿಯನ್ನು ಬರೆದು ಕಳುಹಿಸಬಹುದಾಗಿತ್ತು. ಮೋಗ್ಲಿಂಗರು ಧರ್ಮಬೋಧಕರಾಗಿದ್ದರೂ ಪತ್ರಿಕೆಯನ್ನು ಧರ್ಮೋಪದೇಶಕ್ಕೆ ಮಾತ್ರ ಮೀಸಲಿಡಲಿಲ್ಲ. ಹೊಸ ಕಾಯಿದೆಯಿಂದ ತನಗೇನಾಗುವುದು, ದೂರದ ಸೀಮೆಯಲ್ಲಿ ಏನು ನಡೆಯಿತು ಎಂದು ತಿಳಿಯಬೇಕೆಂಬ ಆಸೆಯು ಜನರಲ್ಲಿದೆಯೆಂಬುದನ್ನು ಅವರು ಗುರುತಿಸಿದರು. ತಮಗೆ ಹೇಳಬೇಕೆನಿಸಿದ್ದರ ಜೊತೆಗೆ ಜನರಿಗೆ ಕೇಳಬೇಕೆನಿಸಿದ್ದನ್ನೂ ಕೊಟ್ಟರು.

ಇಲ್ಲಿ ಕ್ಷಣಮಾತ್ರ ಮಂಗಳೂರನ್ನು ಬಿಟ್ಟು ಲಂಡನ್ನಿಗೆ ಹೋಗೋಣ. ಅದೇ 1843ರ ಕ್ರಿಸ್ಮಸ್ ಕಾಲದಲ್ಲಿ, ಇದೇ ಕಲ್ಲಚ್ಚಿನ ವಿದ್ಯೆಯಿಂದ ಅಲ್ಲಿಯೂ ಒಂದು ಹೊಸ ವಸ್ತುವು ಹುಟ್ಟಿತು. ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಹಬ್ಬದ ದಿನಗಳಲ್ಲಿ ಬಂದ ಪತ್ರಗಳಿಗೆಲ್ಲಾ ಉತ್ತರ ಬರೆಯಲು ಬಿಡುವಾಗಲಿಲ್ಲ. ಆದ್ದರಿಂದ ಅವರು ಹಾರ್ಸ್‌ಲೀ ಎಂಬ ಚಿತ್ರಕಾರನಿಂದ ಚಿತ್ರವೊಂದನ್ನು ಬರೆಯಿಸಿ, ಕಲ್ಲಿನಿಂದ ಸುಮಾರು 1000 ಪ್ರತಿಗಳನ್ನು ತೆಗೆಸಿ, ಕೈಯಿಂದ ಬಣ್ಣ ಹಾಕಿಸಿದರು. ತಮಗೆ ಬೇಕಾದುವನ್ನು ಇಟ್ಟುಕೊಂಡು ಉಳಿದುವನ್ನು ಒಂದಕ್ಕೆ ಒಂದು ಶಿಲಿಂಗಿನಂತೆ ಮಾರಾಟಕ್ಕಿರಿಸಿದರು. ಅಂಗಡಿಯಲ್ಲಿ ಮಾರಾಟವಾದ ಮೊದಲ ಕ್ರಿಸ್ಮಸ್ ಶುಭಾಶಯ ಪತ್ರವೆಂದು ಹೆಸರು ಪಡೆದುದು ಅದೇ. ಬಡವರಿಗೆ ಅನ್ನವಸ್ತ್ರಗಳನ್ನು ಕೊಡುವ ಚಿತ್ರಗಳು ಅದರ ಎರಡು ಪಕ್ಕಗಳಲ್ಲಿದ್ದವು. ನಡುವಿನಲ್ಲಿ ಕುಟುಂಬವೊಂದು ದ್ರಾಕ್ಷಾರಸದ ಪಾತ್ರೆಗಳನ್ನು ಎತ್ತಿಹಿಡಿದಿತ್ತು. ಇದನ್ನು ಕಂಡು ಪಾನನಿರೋಧದ ಪಕ್ಷದವರು ಆಕ್ಷೇಪಿಸಿದರು. ಆ ಕಾಲಕ್ಕೆ ಒಂದು ಶಿಲಿಂಗೆಂದರೆ ಕೂಲಿಯವನು ಸುಲಭವಾಗಿ ಕೊಡಬಲ್ಲ ಹಣವೂ ಆಗಿರಲಿಲ್ಲ. ಆ ಪದ್ಧತಿಯು ಎಲ್ಲಾ ಮನೆಗಳಿಗೂ ಹಬ್ಬಲು ಮುಂದೆ ಹಲವು ವರ್ಷಗಳು ಬೇಕಾದವು. ಶುಭಾಶಯ ಪತ್ರವೂ ನಮ್ಮ ಕನ್ನಡ ಪತ್ರಿಕೆಯೂ ಹೀಗೆ ಒಂದೇ ವರ್ಷದಲ್ಲಿ, ಒಂದೇ ಬಗೆಯ ಕಲ್ಲಿನಿಂದ ಹುಟ್ಟಿದ ಒಡಹುಟ್ಟುಗಳೆಂದರೆ ಅತಿಶಯೋಕ್ತಿಯಲ್ಲ.

ಮಂಗಳೂರ ಸಮಾಚಾರಕ್ಕೆ ಘಟ್ಟದ ಮೇಲಿನ ಸೀಮೆಯಲ್ಲಿಯೂ ಓದುಗರು ದೊರೆತರು. ಬೇಡಿಕೆಯು ಹೆಚ್ಚಿದಂತೆ ಕಲ್ಲಚ್ಚಿನ ನಿಧಾನವು ಅಡ್ಡಿಯಾಯಿತು. ಆಗ ಮೋಗ್ಲಿಂಗರು ತಮ್ಮ ಸ್ವಂತ ಯಂತ್ರದ ಮೇಲಿನ ಅಭಿಮಾನಕ್ಕೆ ಕಟ್ಟುಬೀಳದೆ, 1844ರ ಆರಂಭದಲ್ಲಿ ಪತ್ರಿಕೆಯ ಮುದ್ರಣವನ್ನು ಮೊಳೆಗಳಿದ್ದ ಬಳ್ಳಾರಿಗೆ ವರ್ಗಾಯಿಸಿದರು. ಅದು ಒಂದು ಊರಿನ ಪತ್ರಿಕೆಯಾಗಿ ಉಳಿಯದೆ ಕನ್ನಡ ಸಮಾಚಾರವೆಂಬ ಹೆಸರನ್ನು ತಾಳಿತು. ಆದರೆ ಅಲ್ಲಿಯೂ ಅದು ಬಹುಕಾಲ ನಡೆಯಲಿಲ್ಲ. ಮಂಗಳೂರಿನಲ್ಲಿ ಅದು ನಡೆದದ್ದು ಒಂದು ವರ್ಷವೂ ತುಂಬಲಿಲ್ಲವೆಂಬುದನ್ನು ಪಾಠಪುಸ್ತಕಗಳು ಒತ್ತಿ ಹೇಳುವುದಿಲ್ಲ. ಲೆಕ್ಕದ ಪುಸ್ತಕವನ್ನು ಮಾತ್ರ ನೋಡುವವನಿಗೆ ಇದು ಸೋತ ಉದ್ಯೋಗವೆಂದು ತೋರಬಹುದು.

ಮುಂದೇನಾಯಿತೆಂಬುದೇ ಈ ಜೀವನದ ಸಾರ. ಪತ್ರಿಕೆಯು ನಿಂತಿತು, ಬರೆದು, ಒತ್ತಿ, ಮಡಿಸಿ, ಓದುಗನಿಗೆ ತಲಪಿಸಲು ಕಲಿತ ಕೈಗಳು ನಿಲ್ಲಲಿಲ್ಲ. 1845ರಲ್ಲಿ ಮಂಗಳೂರಿನಿಂದ ಒಂದು ಕಲ್ಲಚ್ಚಿನ ಯಂತ್ರವು ತಲಚೇರಿಯಲ್ಲಿದ್ದ ಗುಂಡರ್ಟರ ಬಳಿಗೆ ಹೋಯಿತು. ಅಲ್ಲಿ 1847ರಲ್ಲಿ ರಾಜ್ಯಸಮಾಚಾರಂ ಎಂಬ ಮಲಯಾಳ ಭಾಷೆಯ ಮೊದಲ ಪತ್ರಿಕೆಯು ಹೊರಟಿತು. ಮಂಗಳೂರಿನಲ್ಲಿಯಾದರೋ ಮೋಗ್ಲಿಂಗರು ಅದಕ್ಕಿಂತ ದೊಡ್ಡದೊಂದು ಕಾರ್ಯಕ್ಕೆ ಕೈಹಾಕಿದರು. ಕನ್ನಡದ ಹಳೆಯ ಕಾವ್ಯಗಳು ಓಲೆಗರಿಗಳಲ್ಲಿ ಹುಳು ತಿಂದು ಹೋಗುತ್ತಿದ್ದುದನ್ನು ಕಂಡು, ಪ್ರತಿಗಳನ್ನು ಕೂಡಿಸಿ ಹೋಲಿಸಿ ನೋಡಿ ಅಚ್ಚು ಹಾಕಿಸಬೇಕೆಂದು ಸಂಕಲ್ಪಿಸಿದರು. ಮದ್ರಾಸ್ ಸರಕಾರದ ಸೇವೆಯಿಂದ ನಿವೃತ್ತರಾಗಿದ್ದ ಕಾಸಾಮೇಜರ್ ಎಂಬವರು ಅದಕ್ಕೆ ಹಣ ಸಹಾಯ ಮಾಡಿದರು. 1848ರಿಂದ 1851ರ ವರೆಗೆ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು ಮೊದಲಾದ ಗ್ರಂಥಗಳು ಕಲ್ಲಚ್ಚಿನಲ್ಲಿ ಪ್ರಕಟವಾದವು. ಬೇರೆ ಮತದ ಬೋಧಕರೊಬ್ಬರು ವೈಷ್ಣವ ದಾಸರ ಹಾಡುಗಳನ್ನೂ ವೀರಶೈವರ ಪುರಾಣವನ್ನೂ ಇಷ್ಟು ಆದರದಿಂದ ಉಳಿಸಿದರೆಂಬುದನ್ನು ನೆನೆದಾಗ ನಮ್ಮ ಹೃದಯವು ಸಂತೋಷಗೊಳ್ಳುತ್ತದೆ. ನಾಲ್ಕು ಪುಟಗಳ ಪತ್ರಿಕೆಯಿಂದ ಅಭ್ಯಾಸವಾದ ಕೆಲಸವು ಐದು ವರ್ಷಗಳ ತರುವಾಯ ಮಹಾಕಾವ್ಯಗಳನ್ನು ಹೊರುವಷ್ಟು ಬಲಗೊಂಡಿತ್ತು.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಮೋಗ್ಲಿಂಗರ ಬೆನ್ನ ಹಿಂದೆ ಒಂದು ಮಿಶನ್ ಸಂಘವಿತ್ತು, ಉದಾರಿಯಾದ ದಾನಿಯೊಬ್ಬರಿದ್ದರು. ಪತ್ರಿಕೆಯು ನಿಂತುಹೋದಾಗ ಅವರ ಮನೆಯ ಒಲೆಯು ಆರಲಿಲ್ಲ. ನಮ್ಮ ಹಳೆ ವಿದ್ಯಾರ್ಥಿನಿಯರಿಗೆ ಅಂಥ ಆಸರೆಯಿಲ್ಲ. ಅವರ ಹಿಂದೆ ಇರುವುದು ತಾಯಿಯ ಒಡವೆ ಮಾತ್ರ. ಆದಕಾರಣ ಅವರ ಸಾಹಸವನ್ನು ಮಾತ್ರ ಹೊಗಳಿ, ಹೋಗಿ ಹಾಗೆಯೇ ಮಾಡಿರೆಂದು ಹೇಳುವುದು ಉಪಾಧ್ಯಾಯರಿಗೆ ಒಪ್ಪುವ ಮಾತಲ್ಲ. ಆದರೆ ಆಸರೆಯಿದ್ದ ಮೋಗ್ಲಿಂಗರೇ ಸಣ್ಣ ಸಲಕರಣೆಯಿಂದ ಆರಂಭಿಸಿದರೆಂದ ಮೇಲೆ, ಆಸರೆಯಿಲ್ಲದವರು ಇನ್ನೆಷ್ಟು ಎಚ್ಚರದಿಂದಿರಬೇಕು!

ಲೋಹದ ಮೊಳೆಗಳು ಮಂಗಳೂರಿಗೆ ಬಂದುದು ಕಲ್ಲಚ್ಚು ಆರಂಭವಾಗಿ ಸುಮಾರು ಹತ್ತು ವರ್ಷಗಳಾದ ಮೇಲೆಯೇ. 1851ರಲ್ಲಿ ಬಂದ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಕುಶಲಿಯು ಮುದ್ರಣಾಲಯದ ಹೊಣೆಯನ್ನು ಹೊತ್ತು ಮುಂದೆ ಕನ್ನಡಕ್ಕೆ ಅಂದವಾದ ಹೊಸ ಮೊಳೆಗಳನ್ನು ಸಿದ್ಧಪಡಿಸಲು ಶ್ರಮಿಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ. ಅಷ್ಟರೊಳಗೆ ಓದುವ ಜನರು ಹೆಚ್ಚಿದ್ದರು, ಯಾವ ಪುಸ್ತಕ ಬೇಕೆಂಬುದು ತಿಳಿದಿತ್ತು, ಕೆಲಸ ಬಲ್ಲವರು ಸಿದ್ಧರಾಗಿದ್ದರು. ಬೇಡಿಕೆಯು ಮೊದಲು ಹುಟ್ಟಿತು, ದೊಡ್ಡ ಯಂತ್ರವು ಆಮೇಲೆ ಬಂದಿತು.

ಮೋಗ್ಲಿಂಗರ ಮುಂದಿನ ಜೀವನವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಆಲಮಂಡ ಸೋಮಯ್ಯ ಎಂಬ ಕೊಡವರೊಬ್ಬರು ತಮ್ಮ ನಾಡಿಗೆ ಬರಬೇಕೆಂದು ಕರೆದುದರಿಂದ ಅವರು 1850ರ ದಶಕದ ಆರಂಭದಲ್ಲಿ ಕೊಡಗಿಗೆ ಹೋದರು. ಆ ನಾಡಿನ ಚರಿತ್ರೆಯನ್ನೂ ಜನರ ಆಚಾರಗಳನ್ನೂ ಕುರಿತು 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕೊಡಗಿನ ಅರಸರ ಚರಿತ್ರೆಯಾದ ರಾಜೇಂದ್ರನಾಮೆಯನ್ನು 1857ರಲ್ಲಿ ಅಚ್ಚು ಹಾಕಿಸಿದರು. ಭೂಮಿಯೊಡೆಯರ ಕೈಕೆಳಗೆ ಜೀತದಲ್ಲಿದ್ದ ದೀನರಿಗಾಗಿ ಆನಂದಪುರವೆಂಬ ಊರನ್ನು ನೆಲೆಗೊಳಿಸಿದರು. ಮೊದಲ ಯಂತ್ರವನ್ನು ಮುಂಬಯಿಯಿಂದ ತಂದ ವೈಗ್ಲೆಯವರು 1855ರಲ್ಲಿ ಪರಲೋಕವಾಸಿಗಳಾದರು. ಅವರ ವಿಧವೆಯಾದ ಪೌಲಿನಾ ಅಮ್ಮನವರನ್ನು ಮೋಗ್ಲಿಂಗರು ಬಳಿಕ ವಿವಾಹವಾದರು. 1858ರಲ್ಲಿ ಟ್ಯೂಬಿಂಗನ್ ವಿದ್ಯಾಪೀಠವು ಅವರ ಕನ್ನಡ ಸೇವೆಗಾಗಿ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. 1860ರಲ್ಲಿ ಅವರು ಹಿಂದೂಸ್ಥಾನವನ್ನು ಬಿಟ್ಟು ಜರ್ಮನಿಗೆ ಹಿಂದಿರುಗಿದರು. 1881ನೆಯ ಇಸವಿ ಮೇ ತಿಂಗಳ 10ನೆಯ ತಾರೀಕು ಎಸ್ಲಿಂಗನ್ ಎಂಬ ಊರಿನಲ್ಲಿ ದೈವಾಧೀನರಾದರು.

ಅವರು ಕಣ್ಣಾರೆ ಕಾಣದ ಫಲವೊಂದುಂಟು. 1853ರಲ್ಲಿ ಇಲ್ಲಿಗೆ ಬಂದ ಫರ್ಡಿನಾಂಡ್ ಕಿಟ್ಟೆಲರು ಅನೇಕ ವರ್ಷ ಶ್ರಮಿಸಿ ಕೂಡಿಸಿದ ಕನ್ನಡ ಇಂಗ್ಲಿಷ್ ನಿಘಂಟು, ಸುಮಾರು 70 ಸಾವಿರ ಶಬ್ದಗಳ ಮಹಾಗ್ರಂಥ, 1894ರಲ್ಲಿ ಮಂಗಳೂರಿನ ಅದೇ ಮಿಶನ್ ಮುದ್ರಣಾಲಯದಿಂದ ಪ್ರಕಟವಾಯಿತು. ಮುಂಬಯಿಯಿಂದ ಬಂದ ಆ ಒಂದು ಯಂತ್ರಕ್ಕೂ ಈ ನಿಘಂಟಿಗೂ ನಡುವೆ 53 ವರ್ಷಗಳು. ಕಲ್ಲು ಹೋಯಿತು, ಪತ್ರಿಕೆ ಹೋಯಿತು, ಆರಂಭಿಸಿದವರೂ ಹೋದರು. ಕೆಲಸವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ದಾಟುತ್ತಾ ಬಂದಿತು.

ಆದರೆ ನಮ್ಮ ಹುಡುಗಿಯರಲ್ಲಿ ಕೆಲವರು, ಇದು ಗಂಡಸರ ಕಥೆ, ಮಿಶನಿನ ಹಣದ ಕಥೆ, ಮನೆಯೊಳಗಿರುವ ಹೆಣ್ಣುಮಗಳಿಗೆ ಇದರಿಂದೇನು ಪ್ರಯೋಜನವೆಂದು ಕೇಳಬಹುದು. ಅವರಿಗಾಗಿ ಶುಭಾಶಯ ಪತ್ರದ ಉದ್ಯೋಗವನ್ನೇ ಮಾಡಿದ ಒಬ್ಬ ಮಹಿಳೆಯ ಸಂಗತಿಯನ್ನು ಸೇರಿಸುತ್ತೇವೆ. ಅಮೇರಿಕಾ ದೇಶದಲ್ಲಿ ಮೇರಿ ಲಯನ್ ಎಂಬ ಭಕ್ತೆಯು 1837ರಲ್ಲಿ ಮೌಂಟ್ ಹೋಲಿಯೋಕ್ ಎಂಬ ಕ್ರೈಸ್ತ ಹೆಣ್ಣುಮಕ್ಕಳ ವಿದ್ಯಾಲಯವನ್ನು ತೆರೆದಳು. ಅಲ್ಲಿ 1847ರಲ್ಲಿ ವಿದ್ಯೆ ಮುಗಿಸಿದ ಎಸ್ತರ್ ಹೌಲ್ಯಾಂಡ್ ಎಂಬವಳು ವೂಸ್ಟರ್ ಪಟ್ಟಣದ ಕಾಗದ ಪುಸ್ತಕಗಳ ವ್ಯಾಪಾರಿಯೊಬ್ಬರ ಮಗಳು. ಇಂಗ್ಲೆಂಡಿನಿಂದ ಬಂದ ಅಂದವಾದ ಶುಭಾಶಯ ಪತ್ರವೊಂದನ್ನು ನೋಡಿ, ತಾನೂ ಅಂಥದನ್ನು ಮಾಡಬಲ್ಲೆನೆಂದು ಹನ್ನೆರಡು ಮಾದರಿಗಳನ್ನು ಮಾತ್ರ ಸಿದ್ಧಪಡಿಸಿ ಊರೂರು ತಿರುಗುವ ತನ್ನ ಅಣ್ಣನ ಪೆಟ್ಟಿಗೆಯಲ್ಲಿಟ್ಟಳು. 200 ಡಾಲರುಗಳಷ್ಟು ಬೇಡಿಕೆ ಬಂದರೆ ಸಾಕೆಂದು ಆಶಿಸಿದ್ದವಳಿಗೆ ಅಣ್ಣನು 5000 ಡಾಲರುಗಳನ್ನು ಮೀರಿದ ಬೇಡಿಕೆಯನ್ನು ತಂದನು. ಆಗ ಅವಳು ಗೆಳತಿಯರನ್ನು ಕರೆದು, ಮನೆಯ ಮೇಲಂತಸ್ತಿನಲ್ಲಿ ಒಬ್ಬಳು ಕತ್ತರಿಸುವುದು, ಮತ್ತೊಬ್ಬಳು ಹಿನ್ನೆಲೆಯನ್ನು ಹೊಂದಿಸುವುದು, ಇನ್ನೊಬ್ಬಳು ಅಂಟಿಸುವುದು ಎಂದು ಕೆಲಸವನ್ನು ಹಂಚಿದಳು. ಮನೆಬಿಟ್ಟು ಬರಲಾರದ ಸ್ತ್ರೀಯರಿಗೆ ಸಾಮಾನಿನ ಪೆಟ್ಟಿಗೆಯನ್ನು ಅವರ ಮನೆಗೇ ಕಳುಹಿಸಿದಳು. ಮುಂದೆ ಕಾಲಿನ ನೋವಿನಿಂದ ಗಾಲಿಕುರ್ಚಿಯಲ್ಲಿ ಕೂತಾಗಲೂ ಉದ್ಯೋಗವನ್ನು ಬಿಡಲಿಲ್ಲ. ಮೋಗ್ಲಿಂಗರು ತೀರಿಹೋದ 1881ರಲ್ಲಿಯೇ, ಕಾಯಿಲೆ ಬಿದ್ದ ತಂದೆಯ ಶುಶ್ರೂಷೆಗಾಗಿ ಅವಳು ಅದನ್ನು ಮಾರಿದಳು. 1904ರಲ್ಲಿ ಮೃತಳಾದಳು. ಮೊದಲು ಮಾದರಿ, ಆಮೇಲೆ ಬೇಡಿಕೆ, ಅದರ ಮೇಲೆ ವಿಸ್ತಾರ ಎಂಬ ಕ್ರಮವು ಇಲ್ಲಿಯೂ ಕಾಣುತ್ತದೆ.

ಪಂಪ್‌ವೆಲ್ಲಿನ ಆ ಕುಟುಂಬದವರು ಎರಡನೆಯ ಸಲ ಬಂದಾಗ ನಾವು ಈ ಎರಡು ಜೀವನಗಳನ್ನೂ ಅವರಿಗೆ ತಿಳಿಸಿದೆವು. ಒಡವೆಯನ್ನು ಅಡವಿಡಬೇಡಿರೆಂದು ಕಟ್ಟಪ್ಪಣೆ ಮಾಡಲಿಲ್ಲ. ಆ ಅಧಿಕಾರವು ನಮಗಿಲ್ಲ. ಈಗಿರುವ ಕತ್ತರಿ, ಅಳತೆಕೋಲು, ಅಂಟುಗಳಿಂದ ಒಂದು ಕ್ರಿಸ್ಮಸ್ ಕಾಲವನ್ನು ನಡೆಸಿ ನೋಡಿರಿ, ಅಚ್ಚು ಹಾಕಿಸಬೇಕಾದರೆ ಯಂತ್ರವಿರುವವರಿಗೆ ಕೂಲಿ ಕೊಟ್ಟು ಹಾಕಿಸಿರಿ, ಕಾಗದಕ್ಕೂ ಮಸಿಗೂ ಆದ ವೆಚ್ಚದ ಜೊತೆಗೆ ಮಗಳ ಕೈಗೆಲಸದ ಹೊತ್ತಿಗೂ ಬೆಲೆಯಿಟ್ಟು ಲೆಕ್ಕ ಬರೆಯಿರಿ ಎಂದಷ್ಟೇ ಹೇಳಿದೆವು. ತಂದೆಯ ಮುಖವು ಮೊದಲು ಸಪ್ಪಗಾಯಿತು. ತಾಯಿಯು ಅಂದು ಮೊದಲ ಬಾರಿ ಬಾಯಿ ತೆರೆದು, ಲೆಕ್ಕವನ್ನು ತಾನೇ ಬರೆಯುವೆನೆಂದರು. ಅವರೂ ನಮ್ಮ ಶಾಲೆಯಲ್ಲಿಯೇ ಓದಿದವರು.

ಆ ಕ್ರಿಸ್ಮಸ್ಸಿಗೆ ನಮ್ಮ ಶಾಲೆಯಿಂದ ಹೋದ ಶುಭಾಶಯ ಪತ್ರಗಳನ್ನು ನಾವು ಅವಳಿಂದಲೇ ಕೊಂಡೆವು. ಮೊದಲ ಕಟ್ಟಿನಲ್ಲಿ ಕೆಲವು ಪತ್ರಗಳ ಅಂಟು ಬಿಟ್ಟಿತ್ತು. ಅವನ್ನು ಹಿಂದಕ್ಕೆ ಕಳುಹಿಸಲು ನಾವು ಸಂಕೋಚಪಡಲಿಲ್ಲ, ಬೇರೆ ಮಾಡಿ ತರಲು ಅವಳೂ ಬೇಸರಿಸಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಉಳಿದ ಹಣವು ಹೆಚ್ಚಲ್ಲ; ಸಾಲವೂ ಇಲ್ಲ. ಅಡವಿನ ಮಾತನ್ನು ತಂದೆಯು ಪೂರ್ತಿಯಾಗಿ ಬಿಟ್ಟಿಲ್ಲ. ಇನ್ನೊಂದು ವರ್ಷ ಕಾಯಲು ಒಪ್ಪಿದ್ದಾರೆ. ಈ ಉದ್ಯೋಗವು ಮಂಗಳೂರ ಸಮಾಚಾರದಂತೆ ಒಂದು ವರ್ಷದೊಳಗೆ ನಿಲ್ಲುವುದೋ, ಹೌಲ್ಯಾಂಡಳ ಉದ್ಯೋಗದಂತೆ ಬೆಳೆಯುವುದೋ ದೇವರೇ ಬಲ್ಲನು. ನಿಂತರೂ ಕಲಿತ ಕೈಯು ಅವಳದಾಗಿಯೇ ಉಳಿಯುವುದು, ತಾಯಿಯ ಒಡವೆಯು ತಾಯಿಯ ಬಳಿಯಲ್ಲಿಯೇ ಇರುವುದು.

ಹಳೆ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಾದರೂ ಇಂಥ ಸಣ್ಣ ಕೆಲಸವನ್ನು ಕೈಕೊಂಡಿದ್ದರೆ ನಮಗೆ ತಿಳಿಸಿರಿ. ಪೋಷಕರೇ, ನಿಮ್ಮ ಮಗಳು ಹನ್ನೆರಡು ಮಾದರಿಗಳನ್ನು ಮುಂದಿಟ್ಟರೆ ಅದನ್ನು ಆಟವೆಂದು ತಳ್ಳಿಬಿಡಬೇಡಿರಿ, ಒಮ್ಮೆಲೇ ಕಾರ್ಖಾನೆಯಾಗಬೇಕೆಂದು ಅವಸರವನ್ನೂ ಪಡಬೇಡಿರಿ. ಬಲ್ಮಠದ ದಾರಿಯಲ್ಲಿ ಹೋಗುವಾಗ ಒಂದು ಕ್ಷಣ ನಿಂತು, ಮಳೆಗಾಲದಲ್ಲಿ ಒಂದೊಂದೇ ಹಾಳೆಯನ್ನು ಕಲ್ಲಿನಿಂದ ಎತ್ತಿದ ಆ ಕೆಲಸಗಾರರನ್ನೂ ಅವರ ನಡುವೆ ಇದ್ದ ಮೋಗ್ಲಿಂಗರನ್ನೂ ನೆನೆಯಿರಿ. ದೇವರ ಆಶೀರ್ವಾದವು ನಿಮ್ಮ ಮನೆಗಳ ಮೇಲೆಯೂ ನಿಮ್ಮ ಕೈಗೆಲಸಗಳ ಮೇಲೆಯೂ ಇರಲಿ.